ಸೈಕಲ್ಲಿಗೂ ಒಂದು ದಾರಿ ಬೇಡವೇ?

ಸೊಲ್ಲಾಪುರದಲ್ಲಿ ಗಿರಣಿಯ ಭೋಂಗಾ ಕೂಗುತ್ತಿದ್ದ ಕಾಲವನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಪಾಳಿ ಬಿಡುವ ಹೊತ್ತಿಗೆ ಗಿರಣಿಯ ದೊಡ್ಡ ಬಾಗಿಲಿನಿಂದ ಸೈಕಲ್ಲುಗಳ ಹೊಳೆಯೇ ಹೊರಬೀಳುತ್ತಿತ್ತು. ಹ್ಯಾಂಡಲ್ಲಿಗೆ ಜೋತುಬಿದ್ದ ಬುತ್ತಿಯ ಡಬ್ಬಿ, ಕ್ಯಾರಿಯರಿನ ಮೇಲೆ ಸಂತೆಯ ಚೀಲ, ಮುಂದಿನ ದಂಡದ ಮೇಲೆ ಎದುರುಗೊಳ್ಳಲು ಬಂದ ಮಗು. ಕನ್ನಡ, ಮರಾಠಿ, ತೆಲುಗು, ದಖನಿ ಈ ನಾಲ್ಕೂ ನುಡಿಗಳು ಆ ಹೊಳೆಯಲ್ಲಿ ಒಟ್ಟಾಗಿ ಹರಿದು ಓಣಿ ಓಣಿಗಳಲ್ಲಿ ಕವಲೊಡೆದು ಮನೆ ಸೇರುತ್ತಿದ್ದವು. ಇಂದು ಭೋಂಗಾ ಮೌನವಾಗಿದೆ, ಸೈಕಲ್ಲಿನ ಹೊಳೆಯೂ ಬತ್ತಿದೆ. ಗಿರಣಿಗಳು ಮುಚ್ಚಿದ್ದಕ್ಕೆ ಕಾರಣಗಳು ಬೇರೆ. ಅವು ನಮ್ಮ ಕೈಮೀರಿದ್ದಿರಬಹುದು. ಆದರೆ ಸೈಕಲ್ಲು ರಸ್ತೆಯಿಂದ ಮರೆಯಾದುದಕ್ಕೆ ಕಾರಣ ನಮ್ಮ ಕಣ್ಣೆದುರಿಗೇ ಇದೆ, ಪರಿಹಾರವೂ ನಮ್ಮ ಕೈಯಲ್ಲಿಯೇ ಇದೆ ಎಂಬುದನ್ನು ತಿಳಿಸುವುದಕ್ಕಾಗಿ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ನೆರೆಮನೆಯಲ್ಲಿ ಹದಿಮೂರು ವರ್ಷದ ಬಾಲಕಿಯೊಬ್ಬಳಿದ್ದಾಳೆ. ಅವಳ ಶಾಲೆ ಮನೆಯಿಂದ ಎರಡು ಕಿಲೋಮೀಟರು. ಅವಳಿಗೆಂದು ಕೊಂಡ ಸೈಕಲ್ಲು ಒಂದು ವರ್ಷದಿಂದ ಹಿತ್ತಲ ಗೋಡೆಗೆ ಒರಗಿ ತುಕ್ಕು ಹಿಡಿಯುತ್ತಿದೆ. ಒಂದು ಸಂಜೆ ಅವಳ ತಾಯಿಯನ್ನು ಈ ಕುರಿತು ಕೇಳಿದೆವು. “ಸಾಯಕಲ್ ಏನ್ ತಪ್ಪ ಮಾಡೇದ್ರಿ? ರಸ್ತಾ ನೋಡಿದ್ರ ಎದಿ ಝಲ್ಲಂತದ. ಹುಡುಗಿ ಮನೀಗಿ ಬರೂತನಾ ಕೈಕಾಲ ಆಡಂಗಿಲ್ಲ” ಎಂದರು ಆ ತಾಯಿ. ಈಗ ತಂದೆ ಮೋಟಾರುಸೈಕಲ್ಲಿನಲ್ಲಿ ಮಗಳನ್ನು ಬಿಟ್ಟುಬರುತ್ತಾರೆ. ಅವರಿಗೆ ಬೆಳಗಿನ ಪಾಳಿ ಬಂದ ವಾರ ಹುಡುಗಿಯ ಶಾಲೆ ತಪ್ಪುತ್ತದೆ.

ಇದು ಒಂದು ಮನೆಯ ಕಥೆಯಲ್ಲ. ರಸ್ತೆ ಅಪಾಯಕರವೆಂದು ತಂದೆತಾಯಿಗಳು ಮಕ್ಕಳನ್ನು ಮೋಟಾರಿನಲ್ಲಿ ಕರೆದೊಯ್ಯುತ್ತಾರೆ. ಹಾಗೆ ಕರೆದೊಯ್ಯುವವರು ಹೆಚ್ಚಿದಂತೆ ಶಾಲೆಯ ಬಾಗಿಲಿನಲ್ಲಿ ವಾಹನಸಂದಣಿ ಹೆಚ್ಚುತ್ತದೆ. ಸಂದಣಿ ಹೆಚ್ಚಿದಂತೆ ಉಳಿದ ನಾಲ್ಕು ಸೈಕಲ್ಲುಗಳೂ ಮನೆ ಸೇರುತ್ತವೆ. ಭಯದಿಂದ ವಾಹನ, ವಾಹನದಿಂದ ಭಯ ಎಂಬ ಈ ವಿಷಚಕ್ರವನ್ನು ಎಲ್ಲಿಯಾದರೂ ಒಂದು ಕಡೆ ಕಡಿಯಲೇಬೇಕು. ಅದನ್ನು ಕಡಿದ ದೇಶವೊಂದರ ವೃತ್ತಾಂತವನ್ನು ಮೊದಲು ನೋಡೋಣ.

ತಂದೆಯೊಬ್ಬನ ಲೇಖನ

ಸೈಕಲ್ಲೆಂದರೆ ಹಾಲೆಂಡು ಎಂದು ಈಗ ಜಗತ್ತೆಲ್ಲ ಹೇಳುತ್ತದೆ. ಸುಮಾರು 1 ಕೋಟಿ 80 ಲಕ್ಷ ಜನರಿರುವ ಆ ದೇಶದಲ್ಲಿ ಜನರಿಗಿಂತ ಸೈಕಲ್ಲುಗಳೇ ಹೆಚ್ಚು. ಜನರ ಒಟ್ಟು ಪ್ರಯಾಣಗಳಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಅಧಿಕ ಸೈಕಲ್ಲಿನ ಮೇಲೆಯೇ ನಡೆಯುತ್ತವೆ. ಇದು ಆ ನಾಡಿನ ಹುಟ್ಟುಗುಣವೆಂದು ತಿಳಿಯುವವರುಂಟು. ಆದರೆ ಇತಿಹಾಸ ಬೇರೆಯೇ ಮಾತನ್ನು ಹೇಳುತ್ತದೆ.

ಎರಡನೆಯ ಮಹಾಯುದ್ಧದ ಬಳಿಕ ಹಾಲೆಂಡಿಗೆ ಸಂಪತ್ತು ಬಂದಿತು, ಸಂಪತ್ತಿನೊಡನೆ ಕಾರು ಬಂದಿತು. ಹಳೆಯ ಓಣಿಗಳನ್ನು ಕೆಡವಿ ರಸ್ತೆಗಳನ್ನು ಅಗಲಮಾಡಿದರು, ಊರ ನಡುವಿನ ಚೌಕಗಳನ್ನು ಕಾರು ನಿಲ್ಲಿಸುವ ಬಯಲುಗಳನ್ನಾಗಿಸಿದರು. 1954ರಲ್ಲಿ ಆಂಸ್ಟರ್‌ಡ್ಯಾಮ್ ನಗರದ ಪೊಲೀಸು ಮುಖ್ಯಸ್ಥರು ಊರಿನ ಪ್ರಸಿದ್ಧ ಕಾಲುವೆಗಳನ್ನೇ ಮಣ್ಣು ಹಾಕಿ ಮುಚ್ಚಿ ರಸ್ತೆ ಮಾಡಬೇಕೆಂಬ ಸಲಹೆಯನ್ನೂ ಮುಂದಿಟ್ಟಿದ್ದರು. ಸೈಕಲ್ಲು ಬಡವನ ಸಾಧನ, ಅದು ತಾನಾಗಿಯೇ ಅಳಿಯುವುದು ಎಂಬುದು ಅಂದಿನ ಯೋಜನಾಕಾರರ ಭಾವನೆಯಾಗಿತ್ತು. ಇಂದು ನಮ್ಮ ನಗರಗಳಲ್ಲಿ ಕೇಳಿಬರುವ ಮಾತೂ ಇದೇ ಅಲ್ಲವೇ?

ಆ ಪ್ರಗತಿಯ ಬೆಲೆ 1971ರ ಹೊತ್ತಿಗೆ ಕಣ್ಣಿಗೆ ಕಂಡಿತು. ಆ ಒಂದು ವರ್ಷದಲ್ಲಿ ಅಲ್ಲಿಯ ರಸ್ತೆಗಳ ಮೇಲೆ ಸುಮಾರು 3,200 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳಿದ್ದರು. ಹಾಗೆ ಸತ್ತವರಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಹೊರಟಿದ್ದ ಆರು ವರ್ಷದ ಹುಡುಗಿಯೊಬ್ಬಳು ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರ ಮಗಳು. 1972ರಲ್ಲಿ ಆ ತಂದೆ ತನ್ನ ಪತ್ರಿಕೆಯಲ್ಲಿ ಒಂದು ಲೇಖನವನ್ನು ಬರೆದರು. ಅದರ ತಲೆಬರಹದ ಅರ್ಥ ‘ಶಿಶುಹತ್ಯೆಯನ್ನು ನಿಲ್ಲಿಸಿ’ ಎಂದು. ರಸ್ತೆಯ ಮೇಲಿನ ಸಾವನ್ನು ಅಪಘಾತವೆಂದು ಕರೆಯುವುದು ಜಗತ್ತಿನ ರೂಢಿ. ಅದನ್ನು ಹತ್ಯೆ ಎಂದು ಕರೆದುದರಲ್ಲಿ ಆ ತಂದೆಯ ದುಃಖವಷ್ಟೇ ಅಲ್ಲ, ವಿಚಾರವೂ ಇತ್ತು. ತಡೆಯಬಹುದಾದ ಸಾವನ್ನು ತಡೆಯದೆ ಬಿಟ್ಟರೆ ಅದು ಆಕಸ್ಮಿಕವಾಗುವುದಾದರೂ ಹೇಗೆ?

ಆ ತಲೆಬರಹವೇ ಒಂದು ಚಳವಳಿಯ ಹೆಸರಾಯಿತು. ಮಾರ್ತ್ಯೆ ವಾನ್ ಪುಟ್ಟನ್ ಎಂಬ ತರುಣ ತಾಯಿ ಅದರ ಮೊದಲ ಅಧ್ಯಕ್ಷೆ. ಮುಂದೆ ಅವರು ಯುರೋಪಿನ ಸಂಸತ್ತಿನ ಸದಸ್ಯೆಯೂ ಆದರು. ಈ ತಾಯಂದಿರು ಬೀದಿಗಳನ್ನು ಅಡ್ಡಗಟ್ಟಿ ಮಕ್ಕಳನ್ನು ಆಡಲು ಬಿಟ್ಟರು. ಪ್ರಧಾನಿ ಯೋಪ್ ಡೆನ್ ಔಲ್ ಅವರ ಮನೆಯ ಮುಂದೆ ಹೋಗಿ ಹಾಡಿದರು. ಪ್ರಧಾನಿಗಳು ಹೊರಬಂದು ಅವರ ಅಹವಾಲನ್ನು ಕೇಳಿದರು. ಇನ್ನು ಕೆಲವರು ಸಾವಿರಗಟ್ಟಲೆ ಸೇರಿ, ಸತ್ತವರ ನೆನಪಿಗಾಗಿ ತಮ್ಮ ಸೈಕಲ್ಲುಗಳೊಡನೆ ನೆಲದ ಮೇಲೆ ಮಲಗಿದರು. 1975ರಲ್ಲಿ ಸೈಕಲ್ ಸವಾರರ ಒಕ್ಕೂಟವೂ ಸ್ಥಾಪನೆಯಾಯಿತು.

ಕಾಲವೂ ಅವರಿಗೆ ನೆರವಾಯಿತು. 1973ರಲ್ಲಿ ಅರಬ್ ರಾಷ್ಟ್ರಗಳು ಹಾಲೆಂಡಿಗೆ ತೈಲವನ್ನು ನಿಲ್ಲಿಸಿದವು. ಅದೇ ವರ್ಷದ ನವೆಂಬರ್ 4ರಂದು ಸರಕಾರವು ಮೊದಲ ಕಾರುರಹಿತ ಭಾನುವಾರವನ್ನು ಆಚರಿಸಿತು. ದೊಡ್ಡ ಹೆದ್ದಾರಿಗಳಲ್ಲಿ ಮಕ್ಕಳು ಸೈಕಲ್ಲು ತುಳಿದರು, ಚಕ್ರದ ಪಾದುಕೆ ಕಟ್ಟಿಕೊಂಡು ಜಾರಿದರು. ತಮ್ಮ ಊರು ಗದ್ದಲವಿಲ್ಲದೆ ಹೇಗಿರುತ್ತದೆಂಬುದನ್ನು ಒಂದು ತಲೆಮಾರಿನ ಜನ ಮೊದಲ ಬಾರಿಗೆ ಕಂಡರು. ಒಮ್ಮೆ ಕಂಡುದನ್ನು ಮರೆಯುವುದು ಅವರಿಗೆ ಕಷ್ಟವಾಯಿತು.

ಒಂದು ಬೀದಿ ಸಾಲದು

ಕೂಗಿದ ಮಾತ್ರಕ್ಕೆ ರಸ್ತೆ ಆಗುವುದಿಲ್ಲ. ಮುಂದಿನ ಕೆಲಸ ಎಂಜಿನಿಯರುಗಳದು. ಎಪ್ಪತ್ತರ ದಶಕದ ಮಧ್ಯದಲ್ಲಿ ಸರಕಾರವು ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಪ್ರಯೋಗಾರ್ಥವಾಗಿ ಸೈಕಲ್ಲಿಗೆಂದೇ ಪ್ರತ್ಯೇಕ ಪಥಗಳನ್ನು ಕಟ್ಟಿಸಿತು. ಅಂಗಡಿಕಾರರಲ್ಲಿ ಹಲವರು ವಿರೋಧಿಸಿದರು. ಗಿರಾಕಿಯ ಕಾರು ಬಾಗಿಲಿಗೆ ಬಾರದಿದ್ದರೆ ವ್ಯಾಪಾರ ಕೆಡುವುದೆಂಬುದು ಅವರ ಅಂಜಿಕೆ. ಪಥಗಳು ಆದ ಮೇಲೆ ಆ ಬೀದಿಗಳಲ್ಲಿ ಸೈಕಲ್ಲುಗಳು ಹೆಚ್ಚಿದವು. ಆದರೆ ಇಡೀ ಊರಿನ ಲೆಕ್ಕದಲ್ಲಿ ದೊಡ್ಡ ಬದಲಾವಣೆಯೇನೂ ಕಾಣಲಿಲ್ಲ.

ಈ ಸೋಲಿನಿಂದಲೇ ಪಾಠ ಕಲಿತರು. ಮನೆಯಿಂದ ಶಾಲೆಯವರೆಗಿನ ದಾರಿಯಲ್ಲಿ ಮುಕ್ಕಾಲು ಭಾಗ ಸುರಕ್ಷಿತವಾಗಿದ್ದು ಕಾಲು ಭಾಗ ಅಪಾಯಕರವಾಗಿದ್ದರೆ, ತಾಯಿಯ ಪಾಲಿಗೆ ಇಡೀ ದಾರಿಯೇ ಅಪಾಯಕರ. ಬಾವಿಗೆ ಮುಕ್ಕಾಲು ಹಗ್ಗ ಬಿಟ್ಟರೆ ಕೊಡಕ್ಕೆ ನೀರು ಬರುವುದಿಲ್ಲ. ಆದಕಾರಣ ಎಂಬತ್ತರ ದಶಕದಲ್ಲಿ ಡೆಲ್ಫ್ಟ್ ಎಂಬ ಊರಿನಲ್ಲಿ ಒಂದು ಬೀದಿಯ ಬದಲು ಇಡೀ ಊರಿಗೆ ಜಾಲವನ್ನು ಹೆಣೆದರು: ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವ ದೊಡ್ಡ ಪಥಗಳು, ಬಡಾವಣೆಗಳನ್ನು ಕೂಡಿಸುವ ನಡುವಣ ಪಥಗಳು, ಮನೆಬಾಗಿಲಿನ ಸಣ್ಣ ದಾರಿಗಳು. ತುಂಡಾದ ಕಡೆ ಸೇತುವೆ, ಸುರಂಗಗಳಿಂದ ಬೆಸೆದರು. ಆಗ ಊರಿನಲ್ಲಿ ಸೈಕಲ್ಲಿನ ಬಳಕೆ ನಿಜವಾಗಿಯೂ ಏರಿತು. ನೇಕಾರರ ಊರಿನವರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಿ ಎಳೆಯಿಂದ ಚಾದರವಾಗದು. ಹಾಸುಹೊಕ್ಕು ಕೂಡಿದಾಗಲೇ ಅದು ಚಾದರ.

ಇಂದು ಹಾಲೆಂಡಿನಲ್ಲಿ ಸುಮಾರು 35,000 ಕಿಲೋಮೀಟರು ಸೈಕಲ್ ಪಥಗಳಿವೆ. ವಾಹನಗಳು ಎಷ್ಟೋ ಪಟ್ಟು ಹೆಚ್ಚಿದ್ದರೂ 2023ರಲ್ಲಿ ರಸ್ತೆಯ ಮೇಲೆ ಸತ್ತವರ ಸಂಖ್ಯೆ 684. ಇವರಲ್ಲಿ 270 ಜನ ಸೈಕಲ್ ಸವಾರರೆಂಬುದನ್ನೂ ಮುಚ್ಚಿಡಬಾರದು. ಅವರಲ್ಲಿ ವೃದ್ಧರೇ ಬಹಳ, ವಿದ್ಯುತ್ ಸೈಕಲ್ಲಿನ ವೇಗವೂ ಅಲ್ಲಿ ಹೊಸ ಚಿಂತೆಯಾಗಿದೆ. ಪೂರ್ಣ ಸುರಕ್ಷಿತವಾದ ರಸ್ತೆ ಎಲ್ಲಿಯೂ ಇಲ್ಲ. ಆದರೆ 3,200 ಎಲ್ಲಿ, 684 ಎಲ್ಲಿ!

ಬಿಸಿಲಿನ ಊರಿನ ದೃಷ್ಟಾಂತ

“ಹಾಲೆಂಡು ತಂಪು ದೇಶ, ಸಮತಟ್ಟಾದ ನೆಲ, ಶ್ರೀಮಂತರ ನಾಡು, ನಮ್ಮ ಬಿಸಿಲಿನಲ್ಲಿ ಸೈಕಲ್ಲು ತುಳಿಯುವವರಾರು?” ಎಂದು ಕೆಲವರು ಕೇಳಬಹುದು. ಸಮತಟ್ಟಾದ ನೆಲದ ಮಟ್ಟಿಗೆ ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಗೂ ಕೊರತೆಯಿಲ್ಲ. ಇನ್ನು ಬಿಸಿಲಿನ ಮಾತು. ಇದಕ್ಕೆ ಸ್ಪೇನಿನ ಸೆವಿಲ್ಯಾ ನಗರವೇ ಉತ್ತರ. ಬೇಸಿಗೆಯಲ್ಲಿ ಅಲ್ಲಿಯ ತಾಪ ಅನೇಕ ಬಾರಿ 40 ಡಿಗ್ರಿಯನ್ನು ದಾಟುತ್ತದೆ. 2006ಕ್ಕೆ ಮುಂಚೆ ಆ ಊರಿನ ಪ್ರಯಾಣಗಳಲ್ಲಿ ಸೈಕಲ್ಲಿನ ಪಾಲು ನೂರಕ್ಕೆ ಒಂದೂ ಇರಲಿಲ್ಲ. ನಗರಸಭೆಯು ಧೈರ್ಯ ಮಾಡಿ, ಕಾರು ನಿಲ್ಲಿಸುತ್ತಿದ್ದ ಸಾವಿರಾರು ಜಾಗಗಳನ್ನು ತೆಗೆದು, ಸ್ವಲ್ಪ ಕಾಲದಲ್ಲಿಯೇ ಸುಮಾರು 80 ಕಿಲೋಮೀಟರು ಪಥವನ್ನು ಒಂದಕ್ಕೊಂದು ಕೂಡುವಂತೆ ಕಟ್ಟಿತು. ಪಥಕ್ಕೆ ಹಸಿರು ಬಣ್ಣ. ವಾಹನಗಳಿಗೂ ಪಥಕ್ಕೂ ನಡುವೆ ಕಲ್ಲಿನ ಅಂಚು. 2007ರಲ್ಲಿ ಬಾಡಿಗೆ ಸೈಕಲ್ಲುಗಳ ವ್ಯವಸ್ಥೆಯೂ ಬಂದಿತು. ನಾಲ್ಕಾರು ವರ್ಷಗಳಲ್ಲಿ ಸೈಕಲ್ ಪ್ರಯಾಣಗಳು ಸುಮಾರು ಹತ್ತು ಪಟ್ಟಾದವು. ಮುಂದೆ ಆಡಳಿತದ ಗಮನ ತಗ್ಗಿದಾಗ ಆ ಏರಿಕೆಯೂ ನಿಂತಿತು ಎಂಬುದೂ ಇದರೊಡನೆ ನೆನಪಿಡಬೇಕಾದ ಮಾತು. ಜನ ತುಳಿಯದಿದ್ದುದು ಬಿಸಿಲಿಗೆ ಅಂಜಿ ಅಲ್ಲ, ಲಾರಿಗೆ ಅಂಜಿ ಎಂಬುದು ಅಲ್ಲಿ ಸಿದ್ಧವಾಯಿತು. ಬಿಸಿಲಿಗೆ ಮರದ ನೆರಳು ಪರಿಹಾರ. ಲಾರಿಗೆ ಪ್ರತ್ಯೇಕ ದಾರಿಯೇ ಪರಿಹಾರ.

ಸುರಕ್ಷಿತ ಪಥವೆಂದರೇನು?

ಕೆಲವು ಊರುಗಳಲ್ಲಿ ರಸ್ತೆಯ ಅಂಚಿಗೆ ಬಿಳಿಯ ಗೆರೆ ಎಳೆದು, ಸೈಕಲ್ಲಿನ ಚಿತ್ರ ಬರೆದು ಕೈತೊಳೆದುಕೊಳ್ಳುತ್ತಾರೆ. ಬಣ್ಣ ಯಾವ ವಾಹನವನ್ನೂ ತಡೆಯಲಾರದು. ಬೆಳಿಗ್ಗೆ ಗೆರೆ ಎಳೆದರೆ ಮಧ್ಯಾಹ್ನಕ್ಕೆ ಅದರ ಮೇಲೆ ರಿಕ್ಷಾ ನಿಂತಿರುತ್ತದೆ. ಆದುದರಿಂದ ಪಥವೊಂದನ್ನು ಬೇಡುವಾಗ ನಾವು ಏನನ್ನು ಬೇಡುತ್ತಿದ್ದೇವೆಂಬುದು ನಮಗೇ ಸ್ಪಷ್ಟವಿರಬೇಕು.

ಮೊದಲನೆಯದು, ವೇಗದ ವಾಹನಗಳಿರುವ ದೊಡ್ಡ ರಸ್ತೆಯಲ್ಲಿ ಪಥವು ಕಲ್ಲಿನ ಅಂಚಿನಿಂದಲೋ ಗಿಡಗಳ ಸಾಲಿನಿಂದಲೋ ಬೇರ್ಪಟ್ಟಿರಬೇಕು. ಇಬ್ಬರು ಜೊತೆಯಾಗಿ ಹೋಗುವಷ್ಟು, ಅಂದರೆ ಸುಮಾರು ಎರಡು ಮೀಟರು ಅಗಲವಿರಬೇಕು. ಅದರ ಬಾಯಿಗೆ ಮೋಟಾರುಸೈಕಲ್ಲು ನುಗ್ಗದಂತೆ ಗಿಡ್ಡ ಕಂಬಗಳನ್ನು ನಿಲ್ಲಿಸಬೇಕು. ಆದರೆ ಅಂಗವಿಕಲರ ಮೂರು ಚಕ್ರದ ಬಂಡಿ ದಾಟುವಷ್ಟು ಎಡೆ ಬಿಟ್ಟಿರಬೇಕು.

ಎರಡನೆಯದು, ನಾಲ್ಕು ದಾರಿ ಕೂಡುವ ಚೌಕ. ಸೈಕಲ್ ಸವಾರನಿಗೆ ನೇರ ರಸ್ತೆಗಿಂತ ಚೌಕವೇ ದೊಡ್ಡ ಗಂಡಾಂತರ. ಎಡಕ್ಕೆ ತಿರುಗುವ ಲಾರಿಯ ಚಾಲಕನಿಗೆ ತನ್ನ ಎಡಮಗ್ಗುಲಿನ ಸೈಕಲ್ಲು ಕಾಣುವುದೇ ಇಲ್ಲ. ಹಾಲೆಂಡಿನಲ್ಲಿ ಚೌಕದ ಮೂಲೆಗಳಲ್ಲಿ ಕಲ್ಲಿನ ಸಣ್ಣ ನಡುಗಡ್ಡೆಗಳನ್ನು ಕಟ್ಟಿರುತ್ತಾರೆ. ಇದರಿಂದ ವಾಹನವು ವೇಗ ತಗ್ಗಿಸಿ ಸುತ್ತಿ ತಿರುಗಬೇಕಾಗುತ್ತದೆ, ಸೈಕಲ್ಲು ಚಾಲಕನ ಕಣ್ಣೆದುರಿಗೇ ಬರುತ್ತದೆ. ಖರ್ಚು ಅಲ್ಪ, ಉಳಿಯುವ ಪ್ರಾಣ ಅಮೂಲ್ಯ.

ಮೂರನೆಯದು, ಓಣಿಗಳ ವೇಗ. ಪ್ರತಿಯೊಂದು ಓಣಿಗೂ ಪ್ರತ್ಯೇಕ ಪಥ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ವಾಹನದ ವೇಗ ಎರಡು ಪಟ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆಂದು ಶಾಲೆಯ ಭೌತಶಾಸ್ತ್ರವೇ ಕಲಿಸುತ್ತದೆ. 60 ಕಿಲೋಮೀಟರು ವೇಗದ ವಾಹನಕ್ಕೆ 30ರ ವೇಗದ ವಾಹನದ ನಾಲ್ಕರಷ್ಟು ಶಕ್ತಿ. ಮನೆ, ಶಾಲೆ, ಗುಡಿ, ಮಸೀದಿಗಳಿರುವ ಓಣಿಗಳಲ್ಲಿ ವೇಗವನ್ನು 30ಕ್ಕೆ ಇಳಿಸಿದರೆ ಸೈಕಲ್ಲು, ಮಗು, ಮುದುಕರು ಮೂವರೂ ಅಲ್ಲಿ ಬದುಕಬಲ್ಲರು. ಹಾಗೆ ಇಳಿಸಲು ಫಲಕ ಸಾಲದು. ಉಬ್ಬು, ತಿರುವು, ಇಕ್ಕಟ್ಟಾದ ಬಾಯಿ ಇವುಗಳಿಂದ ರಸ್ತೆಯೇ ಚಾಲಕನಿಗೆ ನಿಧಾನವನ್ನು ಕಲಿಸಬೇಕು. ಹಾಲೆಂಡಿನವರು 1976ರಲ್ಲಿಯೇ ಇಂತಹ ವಸತಿ ಬೀದಿಗಳಿಗೆ ಕಾಯಿದೆಯ ಮನ್ನಣೆ ಕೊಟ್ಟರು.

ಇವುಗಳ ಜೊತೆಗೆ ದೀಪ, ಶುಚಿತ್ವ, ಬೀಗ ಹಾಕಿ ನಿಲ್ಲಿಸುವ ಸ್ಥಳ. ಒಂದು ಕಾರು ನಿಲ್ಲುವ ಜಾಗದಲ್ಲಿ ಸುಮಾರು ಹತ್ತು ಸೈಕಲ್ಲುಗಳು ನಿಲ್ಲುತ್ತವೆಂಬುದನ್ನು ಅಂಗಡಿಯ ಬಂಧುಗಳು ಲೆಕ್ಕ ಹಾಕಿ ನೋಡಲಿ. ಗಿರಾಕಿ ಹೆಚ್ಚುವುದು ಯಾವುದರಿಂದ?

ನಮ್ಮ ನಾಡಿನ ಲೆಕ್ಕ

ನಮ್ಮ ದೇಶಕ್ಕೆ ಈ ವಿದ್ಯೆ ಹೊಸದಲ್ಲ. ಇಂಡಿಯನ್ ರೋಡ್ ಕಾಂಗ್ರೆಸ್ ಸಂಸ್ಥೆಯು ಸೈಕಲ್ ಪಥಗಳ ರಚನೆಗೆ 1962ರಲ್ಲಿಯೇ ನಿಯಮಗಳನ್ನು ಪ್ರಕಟಿಸಿತ್ತು. 2015ರಲ್ಲಿ ಅವನ್ನು ಪರಿಷ್ಕರಿಸಿತು. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು, ಸಾಗಿಸಬೇಕಾದುದು ವಾಹನಗಳನ್ನಲ್ಲ, ಮನುಷ್ಯರನ್ನು ಎಂಬ ತತ್ತ್ವವನ್ನೇ ಸಾರಿತು. ಕಾಗದದ ಮೇಲೆ ನಮ್ಮ ಸೈಕಲ್ಲು ಸುಖವಾಗಿದೆ. ಡಾಂಬರಿನ ಮೇಲೆ ಮಾತ್ರ ಅದಕ್ಕೆ ಎಡೆಯಿಲ್ಲ.

ಒಂದು ಕಾಲಕ್ಕೆ ಸೈಕಲ್ಲುಗಳ ನಗರವೆಂದೇ ಹೆಸರಾಗಿದ್ದ ಪುಣೆಯಲ್ಲಿ 2006ರಿಂದೀಚೆಗೆ ಅಲ್ಲಲ್ಲಿ ಪಥಗಳಾದವು. ಒಂದೆಡೆ ಆರಂಭವಾಗಿ ಇನ್ನೊಂದೆಡೆ ಥಟ್ಟನೆ ನಿಲ್ಲುವ, ನಡುವೆ ಬಸ್ ನಿಲ್ದಾಣವೋ ವಿದ್ಯುತ್ ಪೆಟ್ಟಿಗೆಯೋ ಅಡ್ಡ ಬರುವ ಆ ತುಂಡುಗಳು ಸವಾರರನ್ನು ಮರಳಿ ತರಲಿಲ್ಲ. 2017ರಲ್ಲಿ ಆ ನಗರವು ಇಡೀ ಊರಿಗೆ ಅನ್ವಯಿಸುವ ಸೈಕಲ್ ಯೋಜನೆಯನ್ನು ಒಪ್ಪಬೇಕಾಯಿತು. ಟಿಲ್‌ಬರ್ಗಿನ ಪಾಠವನ್ನೇ ನಾವು ಮೂವತ್ತು ವರ್ಷ ತಡವಾಗಿ, ನಮ್ಮ ದುಡ್ಡಿನಿಂದ ಮತ್ತೆ ಕಲಿತಂತಾಯಿತು. ಅದೇ 2017ರಲ್ಲಿ ಮೈಸೂರಿನಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ಲುಗಳ ಯೋಜನೆ ಸುಮಾರು 450 ಸೈಕಲ್ಲುಗಳೊಡನೆ ಆರಂಭವಾಯಿತು. ಸೈಕಲ್ಲು ಕೊಡುವುದು ಒಳ್ಳೆಯದೇ. ಆದರೆ ಸೈಕಲ್ಲಿನೊಡನೆ ದಾರಿಯನ್ನೂ ಕೊಡಬೇಕು.

ಈ ಮಾತು ಹೆಣ್ಣುಮಕ್ಕಳ ಮಟ್ಟಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. 2006ರಲ್ಲಿ ಬಿಹಾರ ಸರಕಾರವು ಒಂಬತ್ತನೆಯ ತರಗತಿಗೆ ಸೇರಿದ ಹುಡುಗಿಯರಿಗೆ ಸೈಕಲ್ಲು ಕೊಳ್ಳಲು ಹಣ ಕೊಡತೊಡಗಿತು. ಅದರ ಫಲವನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು ನೋಡಿದರು. ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 32ರಷ್ಟು ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ ಶೇಕಡಾ 40ರಷ್ಟು ತಗ್ಗಿತ್ತು. ಕರ್ನಾಟಕವೂ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಹಂಚತೊಡಗಿತು. ತಮಿಳುನಾಡು ಅದಕ್ಕೂ ಮೊದಲೇ ಈ ಹಾದಿ ಹಿಡಿದಿತ್ತು. ಎರಡು ಚಕ್ರಗಳು ಒಬ್ಬ ಹುಡುಗಿಯನ್ನು ಶಾಲೆಗೂ, ಶಾಲೆಯಿಂದ ಲೋಕಕ್ಕೂ ಮುಟ್ಟಿಸಬಲ್ಲವು. ಅಂತಹ ಸೈಕಲ್ಲು ರಸ್ತೆಯ ಭಯದಿಂದ ಹಿತ್ತಲು ಸೇರಿದರೆ ಸೇರುವುದು ಕಬ್ಬಿಣವೊಂದೇ ಅಲ್ಲ.

ಇನ್ನು ನ್ಯಾಯದ ಪ್ರಶ್ನೆ. 2011ರ ಜನಗಣತಿಯಲ್ಲಿ ಭಾರತದ ನೂರು ಮನೆಗಳಲ್ಲಿ ಸುಮಾರು 45 ಮನೆಗಳಿಗೆ ಸೈಕಲ್ಲಿತ್ತು. ಕಾರು ಇದ್ದುದು ಐದು ಮನೆಗಳಿಗೂ ಇಲ್ಲ. 2022ರಲ್ಲಿ ದೇಶದ ರಸ್ತೆಗಳ ಮೇಲೆ 1,68,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 4,800 ಜನ ಸೈಕಲ್ ಸವಾರರು. ಕಾಲ್ನಡಿಗೆಯವರು 32,000ಕ್ಕೂ ಹೆಚ್ಚು. ಹಾಲಿನವನು, ಪತ್ರಿಕೆ ಹಂಚುವ ಹುಡುಗ, ಕಟ್ಟಡದ ಕೂಲಿ, ಮಗ್ಗಕ್ಕೆ ಹೋಗುವವನು: ಇವರು ಯಾರಿಗೂ ಹೊಗೆಯುಣಿಸದೆ, ಯಾರ ದಾರಿಯನ್ನೂ ಹೆಚ್ಚು ಆಕ್ರಮಿಸದೆ ಸಾಗುವವರು. ರಸ್ತೆಯ ಕರವನ್ನು ಎಲ್ಲರೂ ತೆರುತ್ತೇವೆ. ಆದರೆ ಅಗಲವಾಗುವುದು ಕಾರಿನ ದಾರಿಯೊಂದೇ. ಅಗಲಮಾಡಿದ ರಸ್ತೆಯೂ ಕೆಲವು ವರ್ಷಗಳಲ್ಲಿ ಹೊಸ ವಾಹನಗಳಿಂದ ತುಂಬಿ ಮೊದಲಿನಂತೆಯೇ ಇಕ್ಕಟ್ಟಾಗುತ್ತದೆಂಬುದು ದೊಡ್ಡ ನಗರಗಳ ಅನುಭವ.

ನಾವು ಮಾಡಬೇಕಾದುದು

ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿಯಲ್ಲಿ ರಸ್ತೆ, ಸೇತುವೆಗಳು ನಗರಸಂಸ್ಥೆಗಳ ಕಾರ್ಯಗಳೊಳಗೆ ಸೇರಿವೆ. ಎಂದಮೇಲೆ ನಾವು ಹೋಗಿ ಕೇಳಬೇಕಾದ ಬಾಗಿಲು ದೂರದ ರಾಜಧಾನಿಯದಲ್ಲ, ನಮ್ಮ ಪಾಲಿಕೆಯದೇ.

ಬರಿಗೈಯಲ್ಲಿ ಹೋಗಬೇಡಿ. ಶಾಲೆಯ ಪಾಲಕರ ಸಭೆಯಲ್ಲಿ ಒಂದು ಸಣ್ಣ ಲೆಕ್ಕ ಮಾಡಿರಿ: ಎಷ್ಟು ಮಕ್ಕಳು ಸೈಕಲ್ಲಿನಲ್ಲಿ ಬರುತ್ತಾರೆ, ದಾರಿ ಸುರಕ್ಷಿತವಾಗಿದ್ದರೆ ಎಷ್ಟು ಮಕ್ಕಳು ಬರಬಲ್ಲರು, ಯಾವ ಚೌಕಕ್ಕೆ ಅವರು ಅಂಜುತ್ತಾರೆ. ಮಕ್ಕಳಿಂದಲೇ ದಾರಿಯ ನಕ್ಷೆ ಬರೆಯಿಸಿ, ಭಯದ ಸ್ಥಳಗಳಿಗೆ ಕೆಂಪು ಗುರುತು ಹಾಕಿಸಿರಿ. ಆ ಚೌಕಗಳಲ್ಲಿ ಆದ ಅಪಘಾತಗಳ ವಿವರವನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಕೇಳಿ ಪಡೆಯಿರಿ. ಬಳಿಕ ಒಂದೇ ಒಂದು ಶಾಲೆಯ ಸುತ್ತಣ ಎರಡು ಕಿಲೋಮೀಟರಿನ ದಾರಿಗಳನ್ನು ಒಂದಕ್ಕೊಂದು ಕೂಡುವಂತೆ ಸುರಕ್ಷಿತಗೊಳಿಸಿರೆಂದು ಮನವಿ ಕೊಡಿರಿ. ಶಾಲೆ ಆರಂಭವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಭಾರಿ ವಾಹನಗಳನ್ನು ಆ ದಾರಿಗಳಿಂದ ದೂರವಿಡಿರೆಂದೂ ಅದರಲ್ಲಿ ಸೇರಿಸಿರಿ.

ಗಡಿನಾಡಿನವರಾದ ನಾವು ಮನವಿಯನ್ನು ಇಲ್ಲಿ ಮರಾಠಿಯಲ್ಲಿಯೂ, ಹೊಸೂರಿನ ಬಂಧುಗಳು ತಮಿಳಿನಲ್ಲಿಯೂ, ಕಾಸರಗೋಡಿನವರು ಮಲಯಾಳದಲ್ಲಿಯೂ ಬರೆಯಬೇಕಾದೀತು. ಬರೆಯೋಣ, ಇದರಲ್ಲಿ ಸಂಕೋಚವೇನಿಲ್ಲ. ಭಾಷೆಯ ಪ್ರಶ್ನೆಯಲ್ಲಿ ನೆರೆಯವರೊಡನೆ ನಮಗೆ ಭಿನ್ನಾಭಿಪ್ರಾಯವಿರಬಹುದು. ಮಕ್ಕಳ ಪ್ರಾಣದ ಪ್ರಶ್ನೆಯಲ್ಲಿ ಇರಲಾರದು. ಗಿರಣಿಯ ಬಾಗಿಲಿನಿಂದ ಹೊರಟ ಸೈಕಲ್ಲಿನ ಹೊಳೆಗೆ ಒಂದೇ ಭಾಷೆ ಇರಲಿಲ್ಲವಷ್ಟೆ.

ಹಾಲೆಂಡಿನಲ್ಲಿ ಆ ಚಳವಳಿಯನ್ನು ಆರಂಭಿಸಿದವರು ಮಂತ್ರಿಗಳಲ್ಲ, ಎಂಜಿನಿಯರುಗಳಲ್ಲ. ಮಗಳನ್ನು ಕಳೆದುಕೊಂಡ ಒಬ್ಬ ತಂದೆ ಮತ್ತು ತಮ್ಮ ಮಕ್ಕಳನ್ನು ಕಳೆದುಕೊಳ್ಳಬಾರದೆಂದು ಬೀದಿಗಿಳಿದ ತಾಯಂದಿರು. ಅಷ್ಟು ಬೆಲೆ ತೆತ್ತ ಮೇಲೆಯೇ ನಾವೂ ಎಚ್ಚರಗೊಳ್ಳಬೇಕೆಂಬ ನಿಯಮವಿಲ್ಲ. ನಮ್ಮ ನೆರೆಮನೆಯ ಹುಡುಗಿಯ ಸೈಕಲ್ಲಿನ ಚಕ್ರಕ್ಕೆ ಮೊನ್ನೆ ಗಾಳಿ ಹಾಕಿಸಿ, ಸರಪಳಿಗೆ ಎಣ್ಣೆ ಬಿಟ್ಟೆವು. ಅದು ಸಿದ್ಧವಾಗಿದೆ. ಅವಳ ತಾಯಿಗೆ ಒಪ್ಪಿಗೆಯಾಗುವಂತಹ ದಾರಿ ಆಗಬೇಕಾಗಿದೆ. ಅದನ್ನು ಕೇಳಿ ಪಡೆಯುವುದು ನಮ್ಮ ನಿಮ್ಮೆಲ್ಲರ ಕೆಲಸ.